ಡೆಸ್ಕ್‌ಟಾಪ್ ಪ್ರೋಗ್ರಾಂಗೆ ಉಚಿತ ಕಂಪೈಲರ್: ಯಾವುದನ್ನು ಆರಿಸಬೇಕು?

ನಮಸ್ಕಾರ. ದುಡ್ಡು ಕೊಡದೆ ಸಿಗುವ ಒಳ್ಳೆಯ ಕಂಪೈಲರ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನ, ಯಾವುದು ಅಂತ ಹುಡುಕುತ್ತಿದ್ದೀರಾ? ಅದೇನೂ ಕಷ್ಟವಿಲ್ಲ. ಜಿಸಿಸಿ ಅನ್ನುವ ಸಿ, ಸಿ++ ಕಂಪೈಲರ್ 1987ರಿಂದ ಉಚಿತ, ಅಂಥದ್ದೇ ಕ್ಲ್ಯಾಂಗ್ ಕೂಡ ಉಚಿತ. ತಲೆ ಕೆಡಿಸಿಕೊಳ್ಳಬೇಕಾದದ್ದು ಬಟನ್, ಮೆನು ತೋರಿಸುವ ಜಿಯುಐ ಲೈಬ್ರರಿ ಬಗ್ಗೆ. ಕಂಪೈಲರ್ ನಾಳೆ ಬದಲಿಸಬಹುದು. ಲೈಬ್ರರಿ ಬದಲಿಸಿದರೆ ಅರ್ಧ ಪ್ರೋಗ್ರಾಂ ಮತ್ತೆ ಬರೆಯಬೇಕಾಗುತ್ತದೆ.

[ಪರದೆಯಲ್ಲಿ: ವಿಂಡೋಸ್ ಮಾತ್ರವೇ? ಎಲ್ಲ ಕಡೆಯೂ ಬೇಕೇ?]

ವಿಂಡೋಸ್ ಒಂದೇ ಸಾಕು ಅಂದರೆ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಹಾಕಿಕೊಳ್ಳಿ. ಭಾಷೆ ಸಿ ಶಾರ್ಪ್, ಜಿಯುಐ ಲೈಬ್ರರಿ ವಿನ್‌ಫಾರ್ಮ್ಸ್. ಹಳೆಯದು ಅಂತ ಮೂಗು ಮುರಿಯುವವರಿದ್ದಾರೆ, ಮುರಿಯಲಿ ಬಿಡಿ. ಒಬ್ಬರೇ ಕೆಲಸ ಮಾಡುವವರಿಗೆ ಇದು ಪೂರ್ತಿ ಉಚಿತ, ಮಾಡಿದ್ದನ್ನು ಮಾರಲೂಬಹುದು. ಸಣ್ಣ ಕಂಪನಿಯಾದರೆ 5 ಜನರವರೆಗೆ ಮಾತ್ರ. ಅಂದಹಾಗೆ, ವಿಎಸ್ ಕೋಡ್ ಬೇರೆ. ಅದು ಬರೀ ಎಡಿಟರ್, ಅದರೊಳಗೆ ಸಿ++ ಕಂಪೈಲರ್ ಇರುವುದಿಲ್ಲ.

ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕಾ? ನನ್ನ ಓಟು ಲಾಜರಸ್‌ಗೆ, ಅಂದರೆ ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಮಾಡುವ ಉಚಿತ ಸಾಧನಕ್ಕೆ. ಪ್ಯಾಸ್ಕಲ್ ಅಂದ ಕೂಡಲೇ ನಗಬೇಡಿ! ವಿಂಡೋಸ್‌ನಲ್ಲಿ ಇದನ್ನು ಹಾಕಿಕೊಂಡರೆ ಫ್ರೀ ಪ್ಯಾಸ್ಕಲ್ ಕಂಪೈಲರ್ ಜೊತೆಗೇ ಬರುತ್ತದೆ. ಫಾರ್ಮ್ ಮೇಲೆ ಬಟನ್ ಇಡಿ, ಡಬಲ್ ಕ್ಲಿಕ್ ಮಾಡಿ, ಕೋಡ್ ಬರೆಯಿರಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಇಎಕ್ಸ್‌ಇ ಫೈಲ್ ಸಿಗುತ್ತದೆ, ಅದು ಓಡಲು ಬೇರೆ ರನ್‌ಟೈಮ್ (ಸಹಾಯಕ ಸಾಫ್ಟ್‌ವೇರ್) ಹಾಕಿಸುವ ತಾಪತ್ರಯವಿಲ್ಲ. ಸೋರ್ಸ್ ಕೋಡ್ ಕೊಡದೆ ಮಾರುವುದಕ್ಕೂ ಅದರ ಲೈಬ್ರರಿಯ ಲೈಸೆನ್ಸ್ ಅಡ್ಡ ಬರುವುದಿಲ್ಲ. ಬಿಲ್ಲಿಂಗ್, ಸ್ಟಾಕ್ ಲೆಕ್ಕದಂಥ ಪ್ರೋಗ್ರಾಂಗಳಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಸಿ++ ಬಿಡುವುದಿಲ್ಲ ಅನ್ನುವವರಿಗೆ ಕ್ಯೂಟಿ ಅನ್ನುವ ಜಿಯುಐ ಲೈಬ್ರರಿ ಇದೆ. ಸೊಗಸಾಗಿದೆ, ಆದರೆ ಲೈಸೆನ್ಸ್ ಓದಿ. ಅದರ ಬಹುಪಾಲು ಭಾಗಗಳಿಗೆ ಎಲ್‌ಜಿಪಿಎಲ್ ಅನ್ನುವ ಲೈಸೆನ್ಸ್, ಕೆಲವಕ್ಕೆ ಮಾತ್ರ ಇನ್ನೂ ಬಿಗಿಯಾದ ಜಿಪಿಎಲ್. ಎಲ್‌ಜಿಪಿಎಲ್ ಭಾಗಗಳನ್ನು ಪ್ರತ್ಯೇಕ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಬಳಸುವ ಲೈಬ್ರರಿ ಫೈಲ್) ಆಗಿ ಕೊಟ್ಟು, ಉಳಿದ ಷರತ್ತುಗಳನ್ನೂ ಪಾಲಿಸಿದರೆ ನಿಮ್ಮ ಕೋಡ್ ಮುಚ್ಚಿಡಬಹುದು. ಜಿಪಿಎಲ್ ಭಾಗ ಸೇರಿಸಿ ಹಂಚಿದರೆ ನಿಮ್ಮ ಸೋರ್ಸ್ ಕೋಡನ್ನೂ ಕೊಡಬೇಕು. ಈ ಗೋಜು ಬೇಡವಾದರೆ ಡಬ್ಲ್ಯುಎಕ್ಸ್‌ವಿಜೆಟ್ಸ್ ಅನ್ನುವ ಇನ್ನೊಂದು ಜಿಯುಐ ಲೈಬ್ರರಿ ನೋಡಿ, ಅದರ ಲೈಸೆನ್ಸ್ ಸಡಿಲ.

ವೆಬ್ ಪುಟದ ಕೋಡಿನಿಂದಲೇ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡುವ ಎಲೆಕ್ಟ್ರಾನ್? ವೆಬ್ ಗೊತ್ತಿದ್ದವರಿಗೆ ಸುಲಭ. ಆದರೆ ಪ್ರತಿ ಪ್ರೋಗ್ರಾಂ ಜೊತೆ ಇಡೀ ಕ್ರೋಮಿಯಂ ಬ್ರೌಸರ್ ಹೋಗುತ್ತದೆ. ಪುಟ್ಟ ನೋಟ್‌ಪ್ಯಾಡಿಗೆ 100 ಎಂಬಿಗಿಂತ ಜಾಸ್ತಿ ಜಾಗ ಸುಮ್ನೆ ದಂಡ, ಅಲ್ವಾ?

[ಪರದೆಯಲ್ಲಿ: ಡಿಎಲ್‌ಎಲ್ ಸಿಗಲಿಲ್ಲ ಎಂಬ ಎರರ್]

ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯು ಬಳಸುವವರಿಗೆ ಈ ಎರರ್ ಬಹಳ ಪರಿಚಿತ. ನಿಮ್ಮ ಕಂಪ್ಯೂಟರಿನಲ್ಲಿ ಓಡಿದ್ದು ಗೆಳೆಯರ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಕಾರಣ, ಜಿಸಿಸಿಯ ಸಿ++ ಲೈಬ್ರರಿ ಅವರ ಹತ್ತಿರ ಇಲ್ಲ. ಲಿಂಕ್ ಮಾಡುವಾಗ, ಅಂದರೆ ಕೋಡನ್ನೂ ಲೈಬ್ರರಿಯನ್ನೂ ಜೋಡಿಸುವಾಗ, ಲೈಬ್ರರಿಯನ್ನು ಪ್ರೋಗ್ರಾಂ ಒಳಗೇ ಸೇರಿಸುವ ಸ್ಟ್ಯಾಟಿಕ್ ಆಪ್ಷನ್ ಕೊಡಿ, ಇಲ್ಲವೇ ಆ ಡಿಎಲ್‌ಎಲ್ ಫೈಲುಗಳನ್ನು ಜೊತೆಗೇ ಕಳಿಸಿ. ಕಳಿಸುವ ಮೊದಲು ಬೇರೆ ಏನೂ ಹಾಕದ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಮೂಲಕ ಓಡುವ ಇನ್ನೊಂದು ಕಂಪ್ಯೂಟರ್) ಒಮ್ಮೆ ಓಡಿಸಿ ನೋಡಿ.