ಕನ್ನಡಿಯೊಳಗೆ ಚಲಿಸುವ ಕೈ: ಪಾರ್ಶ್ವವಾಯುವಿನ ನಂತರ ಮಿರರ್ ಥೆರಪಿ

[ದೃಶ್ಯ: ಮೇಜಿನ ಮೇಲೆ, ರೋಗಿಯ ಎದೆಯ ನೇರಕ್ಕೆ ಲಂಬವಾಗಿ ನಿಲ್ಲಿಸಿದ ಕನ್ನಡಿ. ಎಡಗೈ ಅದರ ಹಿಂದೆ ಮರೆಯಾಗಿದೆ.]

ನಮಸ್ಕಾರ. ಇವರಿಗೆ ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದೆ. ಬಲಗೈಯ ಮುಷ್ಟಿಯನ್ನು ನಿಧಾನವಾಗಿ ಬಿಚ್ಚಿದಾಗ, ಕನ್ನಡಿಯೊಳಗೆ ಎಡಗೈಯೇ ಬಿಚ್ಚಿಕೊಂಡಂತೆ ಅವರಿಗೆ ಕಾಣುತ್ತದೆ. ಈ ದೃಷ್ಟಿಭ್ರಮೆಯನ್ನೇ ಚಿಕಿತ್ಸೆಯಾಗಿ ಬಳಸುವ ಕ್ರಮವೇ ಮಿರರ್ ಥೆರಪಿ.

ತಮಿಳುನಾಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಸಂಶೋಧನೆ ನಡೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈ ಕಳೆದುಕೊಂಡ ಮೇಲೂ ಇಲ್ಲದ ಆ ಕೈಯ ನೋವಿನಿಂದ ನರಳುತ್ತಿದ್ದವರಿಗಾಗಿ ಕನ್ನಡಿಯ ಪೆಟ್ಟಿಗೆಯನ್ನು ಬಳಸಿದರು. ಅದೇ ಉಪಾಯವನ್ನು ಪಾರ್ಶ್ವವಾಯುವಿನ 9 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕ್ಕ ಅಧ್ಯಯನವಾದರೂ ಅದರ ಕ್ರಮ ಮೆಚ್ಚುವಂಥದ್ದು: ಅದೇ ರೋಗಿಗಳು ನಾಲ್ಕು ವಾರ ಕನ್ನಡಿಯೊಂದಿಗೆ, ಇನ್ನು ನಾಲ್ಕು ವಾರ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದಿಗೆ ಅಭ್ಯಾಸ ಮಾಡಿದ್ದರಿಂದ, ವ್ಯಾಯಾಮದ ಫಲವೆಷ್ಟು, ಪ್ರತಿಬಿಂಬದ ಫಲವೆಷ್ಟು ಎಂದು ಹೋಲಿಸಿ ನೋಡಲು ಸಾಧ್ಯವಾಯಿತು.

ಕೈ ಎತ್ತಲು ಮಿದುಳು ಆಜ್ಞೆ ಕೊಟ್ಟಾಗಲೆಲ್ಲ ಕೈ ಕದಲದೆ ಉಳಿದರೆ, ಕ್ರಮೇಣ ರೋಗಿ ಆ ಪ್ರಯತ್ನವನ್ನೇ ಕೈಬಿಡುತ್ತಾನೆ. ಆಜ್ಞೆಗೆ ತಕ್ಕ ಚಲನೆಯನ್ನು ಕಣ್ಣಿಗೆ ತೋರಿಸುವ ಪ್ರತಿಬಿಂಬ, ಮಿದುಳಿನ ಹಾನಿಗೊಳಗಾದ ಭಾಗದ ಚಲನಾಕೇಂದ್ರವನ್ನು ಪ್ರಚೋದಿಸುತ್ತದೆ ಎಂಬುದು ಸಂಶೋಧಕರು ಮುಂದಿಡುವ ಮುಖ್ಯ ವಿವರಣೆ.

[ದೃಶ್ಯ: ಬಲಗೈಯಿಂದ ಬಳೆ, ಉಂಗುರ, ವಾಚ್ ತೆಗೆಯುತ್ತಿರುವುದು.]

ಇದು ಸಣ್ಣ ವಿಷಯವೆನಿಸಬಹುದು, ಆದರೆ ಬಹಳ ಮುಖ್ಯ. ಎಡಗೈಯಲ್ಲಿಲ್ಲದ ಬಳೆಯೊಂದು ಕನ್ನಡಿಯಲ್ಲಿ ಕಂಡರೂ ಅದು ತನ್ನದೇ ಕೈಯೆಂಬ ಭಾವನೆ ಕೆಡಬಹುದು. ರೋಗಿ ಕನ್ನಡಿಯಿಂದ ಕಣ್ಣು ಕದಲಿಸದೆ ಮಣಿಕಟ್ಟನ್ನು ಮೇಲೆತ್ತುವುದು, ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಮುಟ್ಟಿಸುವುದು ಮುಂತಾದ ಚಲನೆಗಳನ್ನು ನಿಧಾನವಾಗಿ ಮಾಡಬೇಕು. ಮರೆಯಲ್ಲಿರುವ ಕೈಯನ್ನೂ ಆದಷ್ಟು ಜೊತೆಗೆ ಆಡಿಸಲು ಪ್ರಯತ್ನಿಸಬೇಕು. ಪಕ್ಕದಲ್ಲಿ ಟಿವಿ ಓಡುತ್ತಿದ್ದರೆ ಗಮನ ನಿಲ್ಲದು, ದಯವಿಟ್ಟು ಆರಿಸಿಬಿಡಿ.

ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್ 2018ರಲ್ಲಿ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ಪರಿಶೀಲನೆ, ಕೈಕಾಲುಗಳ ಚಲನೆ ಹಾಗೂ ದೈನಂದಿನ ಕೆಲಸಗಳಲ್ಲಿ ಸುಧಾರಣೆಗೆ ಮಧ್ಯಮ ಮಟ್ಟದ ಪುರಾವೆಯಿದೆ ಎಂದಿತು. ಎಡ ಅಥವಾ ಬಲ ಪಾರ್ಶ್ವದ ಪರಿವೆಯೇ ಇಲ್ಲದಂತಾಗುವ ತೊಂದರೆಗೆ ಇದರಿಂದ ಉಪಯೋಗವಿದೆಯೇ ಎಂಬುದು ಆ ಪರಿಶೀಲನೆಯಲ್ಲಿ ಸ್ಪಷ್ಟವಾಗಲಿಲ್ಲ. ಆದ್ದರಿಂದ ಕನ್ನಡಿ ಸಿಕ್ಕಿತೆಂದು ಫಿಸಿಯೋಥೆರಪಿಯನ್ನು ಯಾರೂ ನಿಲ್ಲಿಸಬಾರದು. ಮೊದಲ ಕೆಲವು ಅಭ್ಯಾಸಗಳು ಥೆರಪಿಸ್ಟ್ ಎದುರಿನಲ್ಲೇ ನಡೆಯಲಿ, ತಲೆಸುತ್ತು ಬಂದರೆ ಅಥವಾ ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ ಅವರಿಗೆ ತಿಳಿಸಿ.