ಪ್ರತಿ ಭೇಟಿಯ ಆ ಸಣ್ಣ ಮೊತ್ತ

ಕೇಳುಗರಿಗೆ ನಮಸ್ಕಾರ.

ಆರೋಗ್ಯ ವಿಮೆ ಇದ್ದರೂ ಎಷ್ಟೋ ಪಾಲಿಸಿಗಳಲ್ಲಿ ರೋಗಿ ಒಂದಿಷ್ಟು ಹಣ ಕೈಯಿಂದ ಹಾಕಬೇಕು. ಅದೇ ಕೋ-ಪೇಮೆಂಟ್. ಪುಕ್ಕಟೆಯಾದರೆ ಜನ ಸಣ್ಣ ನೆಗಡಿಗೂ ಡಾಕ್ಟರ ಹತ್ತಿರ ಓಡುತ್ತಾರೆ, ಅದಕ್ಕೊಂದು ಲಗಾಮಿರಲಿ ಎನ್ನುವುದು ಇದರ ಹಿಂದಿನ ಲೆಕ್ಕ. ಲೆಕ್ಕ ಪೂರ್ತಿ ತಪ್ಪೇನಲ್ಲ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಆರಂಭಿಸಿದ ದೊಡ್ಡ ಪ್ರಯೋಗದಲ್ಲಿ, ಕೈಯಿಂದ ಕೊಡಬೇಕಾದವರು ಚಿಕಿತ್ಸೆಯನ್ನು ಕಡಿಮೆ ಬಳಸಿದರು. ಹೆಚ್ಚಿನವರ ಆರೋಗ್ಯವೇನೂ ಕೆಡಲಿಲ್ಲ. ಆದರೆ ಅದಕ್ಕೆ 62 ದಾಟಿದವರನ್ನು ಸೇರಿಸಿಕೊಂಡಿರಲೇ ಇಲ್ಲ!

ಹಿರಿಯರ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅಡಿಯ ಕೆಲವು ವಿಮಾ ಯೋಜನೆಗಳು ಸಾಮಾನ್ಯ ವೈದ್ಯರ ಭೇಟಿಯ ಕೋ-ಪೇಮೆಂಟನ್ನು ಸುಮಾರು 7 ಡಾಲರಿನಿಂದ 14ಕ್ಕೆ ಏರಿಸಿದವು, ತಜ್ಞರದನ್ನೂ ಏರಿಸಿದವು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಏರಿಸದ ಯೋಜನೆಗಳಿಗೆ ಹೋಲಿಸಿದರೆ ವರ್ಷಕ್ಕೆ ನೂರು ಮಂದಿಗೆ ಸುಮಾರು 20 ಹೊರರೋಗಿ ಭೇಟಿಗಳು ತಪ್ಪಿದವು, 2 ಆಸ್ಪತ್ರೆ ದಾಖಲಾತಿಗಳು ಹೆಚ್ಚಿದವು, ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದ ದಿನಗಳು 13ರಷ್ಟು ಬೆಳೆದವು. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಪೆಟ್ಟು ಇನ್ನೂ ಜೋರು. ಅಲ್ಲಿ ಉಳಿಸಿದ್ದು ಇಲ್ಲಿ ಸೋರಿತು.

ಕಾರಣ ಸರಳ. ಬಿಪಿ ನೋಯುವುದಿಲ್ಲ. ನೋವಿಲ್ಲದ ಕಾಯಿಲೆಯ ಭೇಟಿಯನ್ನೇ ಮನುಷ್ಯ ಮೊದಲು ಮುಂದೂಡುವುದು.

ಹಾಗೆಂದು ರೋಗಿ ಕೈಯಿಂದ ಕೊಡುವ ಪಾಲು ಇಳಿಸಿದ ಕೂಡಲೇ ಆಯುಸ್ಸು ಬೆಳೆಯುತ್ತದೆ ಎಂದೂ ಅಲ್ಲ. ಜಪಾನಿನಲ್ಲಿ 70 ತುಂಬಿದವರ ಪಾಲು ಇಳಿದಾಗ ಹೊರರೋಗಿ ಭೇಟಿಗಳು ಶೇ. 10ರಷ್ಟು ಏರಿದವು, ಸಾವಿನ ಪ್ರಮಾಣ ಮಾತ್ರ ಒಡನೆ ಕದಲಲಿಲ್ಲ. ಕೈಯಿಂದಾಗುವ ದೊಡ್ಡ ಖರ್ಚಿನ ಭಯ ತಗ್ಗಿತು, ಅದೂ ಸಣ್ಣದಲ್ಲ.

ಹಿರಿಯರಿಗೆ ಪಾಲಿಸಿ ಆರಿಸುವಾಗ ಪ್ರೀಮಿಯಂ ಒಂದನ್ನೇ ನೋಡಬೇಡಿ. ವರ್ಷಕ್ಕೆ ಎಷ್ಟು ಭೇಟಿ, ಎಷ್ಟು ರಕ್ತಪರೀಕ್ಷೆ, ದಿನಕ್ಕೆ ಎಷ್ಟು ಮಾತ್ರೆ ಎಂದು ಬರೆದು, ಪ್ರತಿಯೊಂದಕ್ಕೂ ಕೈಯಿಂದ ಹೋಗುವ ಹಣ ಕೂಡಿಸಿ. ದಾಖಲಾದರೆ ಮಾತ್ರ ಹಣ ಕೊಡುವ ಪಾಲಿಸಿಯಾದರೆ ಈ ಮೊತ್ತವಿಡೀ ನಿಮ್ಮದೇ. ಕಾಯಿಲೆ ಹತೋಟಿಯಲ್ಲಿದ್ದರೆ ಮೂರು ತಿಂಗಳಿಗಾಗುವಷ್ಟು ಮಾತ್ರೆಗೆ ಒಂದೇ ಚೀಟಿ ಬರೆದುಕೊಡಲಾದೀತೇ ಎಂದು ಡಾಕ್ಟರನ್ನು ಕೇಳಿ.

ಹಣದ ಚಿಂತೆಯಿಂದ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಡಾಕ್ಟರು ಔಷಧ ನಾಟುತ್ತಿಲ್ಲವೆಂದು ತಿಳಿದು ಪ್ರಮಾಣ ಏರಿಸುತ್ತಾರೆ. ಮುಂದೆ ಮಗನೋ ಮಗಳೋ ಎದುರು ಕೂತು ದಿನವೂ ನುಂಗಿಸಿದಾಗ ಬಿಪಿ ಒಮ್ಮೆಗೇ ಕುಸಿದು, ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ತಲೆಸುತ್ತಿ ಬೀಳುವುದುಂಟು.