ಐದು ಎಸಳಿನ ಸ್ಕ್ರೂ

ಇದು ಅಮ್ಮನ ಐಫೋನ್ 7. ಬ್ಯಾಟರಿಗೆ ವಯಸ್ಸಾಗಿದೆ. ಬೆಳಿಗ್ಗೆ ಚಾರ್ಜ್ ಮಾಡಿದರೆ ಊಟದ ಹೊತ್ತಿಗೆ ಖಾಲಿ. ಇವತ್ತು ನಾನೇ ಬದಲಾಯಿಸುತ್ತೇನೆ.

ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಚಾರ್ಜಿಂಗ್ ಕಿಂಡಿಯ ಅಕ್ಕಪಕ್ಕ ಎರಡು ಚುಕ್ಕಿ ಇವೆ, ಅಲ್ವಾ? ಸಾಸಿವೆಗಿಂತ ಚಿಕ್ಕವು. ಒಳಗೆ ನಂದಿಬಟ್ಟಲು ಹೂವಿನ ಹಾಗೆ ಐದು ಎಸಳು. ಇದೇ ಪೆಂಟಲೋಬ್.

ಆಪಲ್ ಇದನ್ನು 2009ರ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಬಿಗಿಯಲು ಬಳಸಿತು. ಮರುವರ್ಷ ಐಫೋನ್ 4 ಅಮೆರಿಕದಲ್ಲಿ ಬಂದಾಗ ಅದರಲ್ಲಿದ್ದದ್ದು ಮಾಮೂಲಿ ಫಿಲಿಪ್ಸ್ ಸ್ಕ್ರೂ, ಅಂದರೆ ತಲೆ ಮೇಲೆ ಪ್ಲಸ್ ಗುರುತಿರುವುದು. ಆಮೇಲೆ ಅಲ್ಲಿಗೂ ಪೆಂಟಲೋಬ್ ಬಂತು. ರಿಪೇರಿಗೆ ಕೊಟ್ಟ ಫೋನುಗಳು ಕೂಡ ಸ್ಕ್ರೂ ಬದಲಾಗಿ ವಾಪಸ್ ಬಂದವು. ದುಡ್ಡು ಕೊಟ್ಟು ತಗೊಂಡ ಫೋನನ್ನು ಬಿಚ್ಚಲು ನಮಗೇ ಆಗದ ಹಾಗೆ ಮಾಡಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಕಳೆದ ವರ್ಷ ಇಂಥದ್ದೇ ಸ್ಕ್ರೂಗೆ ಸಣ್ಣ ಚಪ್ಪಟೆ ಬಿಟ್ (ಸ್ಕ್ರೂಡ್ರೈವರ್ ತುದಿ) ಹಾಕಿ ಒತ್ತಿದ್ದೆ. ಎಸಳೆಲ್ಲ ಸವೆದು ನುಣ್ಣಗಾಯಿತು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸರಿಯಾದ ಬಿಟ್ ತಂದೆ. ಐಫೋನಿಗೆ ಪಿ2 ಅಂತಲೇ ಕೇಳಿ. ಪಿ5 ಮ್ಯಾಕ್‌ಬುಕ್ ಏರ್‌ನದು, ಇದರೊಳಗೆ ಹೋಗುವುದೇ ಇಲ್ಲ.

ಎರಡೂ ಸ್ಕ್ರೂ ಬಿಚ್ಚಿ, ಅಂಟು ಸಡಿಲಾಗಲಿ ಅಂತ ಅಂಚನ್ನು ಸ್ವಲ್ಪ ಬಿಸಿ ಮಾಡಿದೆ. ಡಿಸ್‌ಪ್ಲೇ ಪುಸ್ತಕದ ಹಾಗೆ ಪಕ್ಕಕ್ಕೆ ತೆರೆಯಿತು. ಒಳಗೆ ಬೇರೆಯದೇ ಸ್ಕ್ರೂ: ಮೂರು ಗೆರೆ, ಬೆಂಜ್ ಕಾರಿನ ಗುರುತಿನ ಹಾಗೆ. ಇದಕ್ಕೆ ವೈ000 ಬಿಟ್ ಬೇಕು. ಇನ್ನೂ ಕೆಳಗೆ ಹೋದರೆ ಫಿಲಿಪ್ಸ್. ಒಂದು ಬ್ಯಾಟರಿಗೆ ಮೂರು ಥರದ ಬಿಟ್!

ಇಲ್ಲಿ ಅವಸರ ಬೇಡ. ಒಳಗಿನ ತಗಡನ್ನು ಬಿಗಿದಿರುವ ಈ ಸ್ಕ್ರೂಗಳೆಲ್ಲ ಒಂದೇ ಉದ್ದ ಇಲ್ಲ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಬೋರ್ಡಿನೊಳಗೆ ಇಳಿದು ತಂತಿಗೆರೆಗಳನ್ನು ಕತ್ತರಿಸಬಹುದು. ಹಾಗಾದರೆ ಫೋನಿನ ಕಥೆ ಮುಗಿಯಿತು. ಅದಕ್ಕೇ ಕಾಗದದ ಮೇಲೆ ಫೋನಿನ ಚಿತ್ರ ಬರೆದು ಎರಡು ಬದಿಯ ಟೇಪ್ ಅಂಟಿಸಿದ್ದೇನೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಅಂಟಿ ಕೂತಿರುತ್ತದೆ.

ಹಳೇ ಬ್ಯಾಟರಿ ಬಂತು, ಹೊಸದು ಕೂತಿತು. ಈಗ ಆ ಎರಡು ಪೆಂಟಲೋಬ್ ಮಾತ್ರ ಬಾಕಿ. ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ. ಸ್ಕ್ರೂವಿನ ಸುರುಳಿಗೆರೆ ಸರಿಯಾಗಿ ಕೂತಾಗ ಬೆರಳಿಗೆ 'ಟಕ್' ಅಂತ ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ. ಎರಡೇ ಬೆರಳಿನ ಬಲ ಸಾಕು.